ಸಂಶೋಧನೆಯೂ ನಮಗೆ ಬರಬೇಕಾದ ಬಾಕಿ



ತಿಂಗಳಿಗೊಮ್ಮೆ ಈ ಪುಟಗಳಲ್ಲಿ ನಾವು ಕೂತು ಬೆಲೆಯ ಮಾತಾಡ್ತೀವಿ, ಸಾಲದ ಮಾತಾಡ್ತೀವಿ. ಕ್ವಿಂಟಾಲಿಗೆ ಎಷ್ಟು ಬಂತು, ಮಂಡಿಯವನು ಎಷ್ಟು ಮುರಿದುಕೊಂಡ, ಸೊಸೈಟಿಯ ಬಡ್ಡಿ ಎಷ್ಟಾಯ್ತು ಅಂತ ಲೆಕ್ಕ ಹಾಕ್ತೀವಿ. ಹಾಕಲೇಬೇಕು, ಅದು ನಮ್ಮ ಹೊಟ್ಟೆಪಾಡಿನ ಲೆಕ್ಕ. ಆದರೆ ಮಲೆನಾಡಿನಲ್ಲಿ ಒಂದು ಸಾಲ ಇದೆ. ಅದು ಬೆಲೆ ಕುಸಿದಾಗ ಬರೋದಲ್ಲ, ಬೆಳೆ ಹಾಳಾದಾಗ ಬರೋದೂ ಅಲ್ಲ. ಸೊಪ್ಪು ತರೋಕೆ ಬೆಟ್ಟಕ್ಕೆ ಹೋದವರ ಮೈಮೇಲೆ ಹತ್ತಿಕೊಂಡು ಮನೆಗೆ ಬರುತ್ತೆ. ಎಳ್ಳುಕಾಳಿಗಿಂತ ಸಣ್ಣ ಹುಳ ಅದನ್ನು ತರುತ್ತೆ. ಆ ಹುಳದ ಹೆಸರು ಉಣುಗು, ಕೆಲವು ಕಡೆ ಉಣ್ಣೆ ಅಂತೀವಿ. ಅದು ತರುವ ಕಾಯಿಲೆಗೆ ವಿಜ್ಞಾನಿಗಳು ಇಟ್ಟ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ. ನಾವು ಕರೆಯೋದು ಮಂಗನ ಕಾಯಿಲೆ.

ಬೆಲೆ ಮತ್ತು ಸಾಲದ ಪತ್ರಿಕೆಯಲ್ಲಿ ಕಾಯಿಲೆಯ ಮಾತು ಯಾಕೆ ಅಂತ ನೀವು ಕೇಳಬಹುದು. ವಿಜ್ಞಾನ, ಸಂಶೋಧನೆ ಇವೆಲ್ಲ ಪೇಟೆಯ ಓದಿದವರ ವಿಷಯ, ನಮಗೇನು ಅಂತಲೂ ಕೇಳಬಹುದು. ನಾನು ಹೈಸ್ಕೂಲಿನವರೆಗೆ ಓದಿದವನು, ಪ್ರಯೋಗಾಲಯದ ಒಳಗೆ ಕಾಲಿಟ್ಟವನಲ್ಲ. ಆದರೂ ನಾನು ಹೇಳೋದು ಇಷ್ಟೇ: ನ್ಯಾಯವಾದ ಬೆಲೆ ಹೇಗೆ ನಮಗೆ ಬರಬೇಕಾದ ಬಾಕಿಯೋ, ಸಂಶೋಧನೆಯೂ ಹಾಗೆಯೇ ನಮಗೆ ಬರಬೇಕಾದ ಬಾಕಿ. ಅದು ಬಂದಾಗ ನಮ್ಮ ಜನ ಬದುಕಿದ್ದಾರೆ. ಅರ್ಧಕ್ಕೆ ನಿಂತಾಗ ಸತ್ತಿದ್ದಾರೆ. ಮಂಗನ ಕಾಯಿಲೆಯ ಕಥೆಯಲ್ಲಿ ಈ ಎರಡೂ ಇವೆ.

ಮೊದಲು ಒಳ್ಳೆಯದನ್ನೇ ಹೇಳ್ತೀನಿ. 1957ನೇ ಇಸವಿ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಕರಿಮೂತಿಯ ಮುಸುವಗಳು, ಊರ ಮಂಗಗಳು ಸಾಯತೊಡಗಿದವು. ಹಿಂದೆಯೇ ಸುತ್ತಮುತ್ತಲ ಹಳ್ಳಿಗಳಲ್ಲಿ ಜನಕ್ಕೆ ಜ್ವರ ಬಂತು. ಇದ್ದಕ್ಕಿದ್ದ ಹಾಗೆ ಸುಡುವ ಜ್ವರ, ತಲೆ ಸಿಡಿಯುವ ನೋವು, ಮೈಕೈ ಹಿಂಡುವ ನೋವು, ಕೆಂಪಾದ ಕಣ್ಣು. ಕೆಲವರಿಗೆ ಮೂಗಿನಲ್ಲಿ, ವಸಡಿನಲ್ಲಿ ರಕ್ತ. ಮಂಗ ಸತ್ತ ಕಡೆ ಮನುಷ್ಯನಿಗೂ ಜ್ವರ ಅನ್ನೋದನ್ನು ನಮ್ಮ ಜನ ಕಣ್ಣಾರೆ ಕಂಡಿದ್ದರು. ಅದಕ್ಕೇ ಮಂಗನ ಕಾಯಿಲೆ ಅಂತ ಹೆಸರಿಟ್ಟರು.

ಆ ಸುದ್ದಿ ಕೇಳಿ ದೇಶದ ವೈದ್ಯರಿಗೆ ದಿಗಿಲಾಯಿತು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಬಂದಾಗ ಕಾಡಿನ ಮಂಗಗಳು ಹೀಗೆಯೇ ಸಾಯುತ್ತವೆ. ಭಾರತದಲ್ಲಿ ಆ ಜ್ವರ ಯಾವತ್ತೂ ಇರಲಿಲ್ಲ. ಅದೇ ಬಂದುಬಿಟ್ಟಿತೋ ಏನೋ ಅನ್ನೋ ಭಯ. ಪುಣೆಯಲ್ಲಿ 1952ರಲ್ಲಿ ಒಂದು ವೈರಸ್ ಸಂಶೋಧನಾ ಕೇಂದ್ರ ಶುರುವಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಕಟ್ಟಿದ ಸಂಸ್ಥೆ ಅದು. ಈಗ ಅದರ ಹೆಸರು ರಾಷ್ಟ್ರೀಯ ವೈರಾಣು ಸಂಸ್ಥೆ. ಆ ಕೇಂದ್ರದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮತ್ತು ಅವರ ಜೊತೆಯ ನಮ್ಮ ದೇಶದ ವಿಜ್ಞಾನಿಗಳು ಕಾಡಿಗೇ ಬಂದರು. ಸತ್ತ ಮಂಗಗಳನ್ನು ಕೊಯ್ದು ನೋಡಿದರು, ಜ್ವರ ಬಂದವರ ರಕ್ತ ತೆಗೆದರು, ನೆಲದ ಮೇಲೆ ಬಟ್ಟೆ ಎಳೆದು ಉಣುಗು ಹಿಡಿದರು. ಅದೇ ವರ್ಷ ವೈರಸ್ ಸಿಕ್ಕಿತು. ಹಳದಿ ಜ್ವರ ಅಲ್ಲ, ಲೋಕಕ್ಕೆ ಅದುವರೆಗೂ ಗೊತ್ತೇ ಇಲ್ಲದ ಹೊಸ ವೈರಸ್. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ವೈರಸ್ಸಿಗೆ ದಾಯಾದಿ.

ಈ ಕೆಲಸ ಸುಲಭದ್ದಾಗಿರಲಿಲ್ಲ. ಪ್ರಯೋಗಾಲಯದಲ್ಲಿ ಆ ವೈರಸ್ ಜೊತೆ ಕೆಲಸ ಮಾಡಿದ ಎಷ್ಟೋ ಜನಕ್ಕೆ ಕಾಯಿಲೆ ತಗುಲಿತು. ಇವರನ್ನು ನೆನೆಯಬೇಕು. ರೈತನ ಹೆಸರಿನಲ್ಲಿ ಭಾಷಣ ಮಾಡುವವರು ಬಹಳ ಜನ, ರೈತ ಓಡಾಡುವ ಕಾಡಿಗೆ ಬಂದು ಉಣುಗು ಕಚ್ಚಿಸಿಕೊಂಡು ಕೆಲಸ ಮಾಡಿದವರು ಕೆಲವೇ ಜನ.

ಆ ಕೆಲಸದಿಂದ ನಮಗೆ ಏನು ಗೊತ್ತಾಯ್ತು ನೋಡಿ. ಮಂಗ ನಮ್ಮ ಶತ್ರು ಅಲ್ಲ, ಅದೂ ನಮ್ಮ ಹಾಗೆ ಸಾಯುವ ಪ್ರಾಣಿ. ಉಣುಗಿನ ಬದುಕಿನಲ್ಲಿ ಮೂರು ಹಂತ. ಮಳೆಗಾಲದಲ್ಲಿ ಬಲಿತ ಉಣುಗು ದನದ ಮೈ ಹಿಡಿದು ರಕ್ತ ಕುಡಿದು ನೆಲಕ್ಕೆ ಬಿದ್ದು ರಾಶಿ ರಾಶಿ ಮೊಟ್ಟೆ ಇಡುತ್ತೆ. ಮಳೆ ಕಳೆದ ಮೇಲೆ ಮರಿಗಳು ಹೊರಬಂದು ಕಾಡಿಲಿ, ಅಳಿಲು, ಮಂಗಗಳ ಮೈ ಹತ್ತುತ್ತವೆ. ಆ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ದರೆ ಅಲ್ಲಿಂದ ಮರಿಗೆ ಬರುತ್ತೆ. ಮರಿ ಒಂದು ಸುತ್ತು ಬೆಳೆದು ಎಳೆ ಉಣುಗಾದಾಗಲೂ ಅದರ ಹೊಟ್ಟೆಯಲ್ಲಿ ವೈರಸ್ ಉಳಿದಿರುತ್ತೆ. ಡಿಸೆಂಬರಿನಿಂದ ಮೇವರೆಗೆ ಒಣಗಿದ ದರಗಿನಲ್ಲಿ ಕಾದು ಕೂತಿರೋದು ಈ ಎಳೆ ಉಣುಗು. ನಮ್ಮನ್ನು ಕಚ್ಚೋದೂ ಹೆಚ್ಚಾಗಿ ಇದೇ. ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗುಗಳೆಲ್ಲ ಅಲ್ಲೇ ಉದುರುತ್ತವೆ. ಆ ಜಾಗವೇ ಅಪಾಯದ ಜಾಗ. ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡೋದಿಲ್ಲ. ಆದ್ದರಿಂದ ರೋಗಿಯನ್ನು ಮುಟ್ಟಿಸಿಕೊಳ್ಳದೆ ದೂರ ಇಡುವ ಅಗತ್ಯವೇ ಇಲ್ಲ.

ಈಗ ಲೆಕ್ಕ ಮಾಡಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಕೂಡಲೇ ಆಸ್ಪತ್ರೆಗೆ ತಿಳಿಸಿ ಅಂತ ಆಶಾ ಕಾರ್ಯಕರ್ತೆ ಹೇಳ್ತಾರಲ್ಲ, ಅದು ಈ ಸಂಶೋಧನೆಯ ಫಲ. ಬೆಟ್ಟಕ್ಕೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಿ ಅಂತ ಡೇಪಾ ಎಣ್ಣೆ ಕೊಡ್ತಾರಲ್ಲ, ಅದು ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿ.ಆರ್.ಡಿ.ಒ. ಕಂಡುಹಿಡಿದದ್ದು. ಬೆಟ್ಟದಿಂದ ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಮೈ ತಿಕ್ಕಿ ಸ್ನಾನ ಮಾಡಿ ಅನ್ನೋದೂ ಉಣುಗಿನ ನಡೆ ತಿಳಿದ ಮೇಲೆ ಬಂದ ಮಾತು. ಇದಕ್ಕೆ ನಾವು ಬೀಜದ ಕಂಪನಿಗೆ ಕೊಟ್ಟ ಹಾಗೆ ದುಡ್ಡು ಕೊಟ್ಟಿಲ್ಲ. ಸಾರ್ವಜನಿಕರ ದುಡ್ಡಿನಲ್ಲಿ ನಡೆದ ವಿದ್ಯೆ ಸಾರ್ವಜನಿಕರಿಗೇ ಸಿಕ್ಕಿತು. ಒಂದು ಪೈಸೆ ಸಾಲ ಹೊರಿಸದೆ ಜೀವ ಉಳಿಸುವ ವಿದ್ಯೆ ಇದ್ದರೆ ಅದು ಇದೇ.

ಕಾಡಿನ ಮಾತಿಗೆ ಬನ್ನಿ. ಈ ಕಾಯಿಲೆ ಯಾಕೆ ಎದ್ದಿತು ಅಂತ ಹುಡುಕಿದ ವಿಜ್ಞಾನಿಗಳಲ್ಲಿ ಕೊಲಂಬಿಯಾ ದೇಶದ ಹೋರ್ಹೆ ಬೊಶೆಲ್ ಒಬ್ಬರು. 1969ರಲ್ಲಿ ಅವರು ಬರೆದದ್ದರ ಸಾರ ಇಷ್ಟು: ದಟ್ಟ ಕಾಡನ್ನು ಅಲ್ಲಲ್ಲಿ ಕಡಿದು ಗದ್ದೆ, ತೋಟ, ಊರು ಮಾಡಿದಾಗ ಕಾಡಿನ ಅಂಚು ಹೆಚ್ಚಿತು. ಆ ಅಂಚಿನಲ್ಲಿ ಪೊದೆ ಬೆಳೆಯಿತು, ದನ ಮೇಯಲು ಹೋದವು, ದನದ ರಕ್ತ ಕುಡಿದು ಉಣುಗು ಹೆಚ್ಚಿತು. ಒಳಗಾಡಿನಲ್ಲಿ ಸದ್ದಿಲ್ಲದೆ ಇದ್ದ ವೈರಸ್ ಹೀಗೆ ಮನುಷ್ಯನ ಹೊಸ್ತಿಲಿಗೆ ಬಂತು. ಮುಂದೆ 1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡುತೋಪಿಗೆ ಕಾಡು ಕಡಿದಾಗ ಕಾಯಿಲೆ ಭೀಕರವಾಗಿ ಎದ್ದಿತು. ಕಾಡು ಕಡಿಸುವ ತೀರ್ಮಾನ ಮಾಡಿದವರು ಕಚೇರಿಯಲ್ಲಿದ್ದರು. ಜ್ವರ ಬಂದದ್ದು ಅಲ್ಲಿ ಕತ್ತಿ ಹಿಡಿದು ಕೂಲಿ ಮಾಡಿದವರಿಗೆ, ಕಾಡಿನ ಪಕ್ಕ ಮನೆ ಇದ್ದವರಿಗೆ.

ಪರಿಸರ ಅಂದರೆ ಪೇಟೆಯವರು ಭಾನುವಾರ ನೋಡಲು ಬರುವ ಹಸಿರು ಅಂತ ನಮ್ಮಲ್ಲಿ ಕೆಲವರು ತಮಾಷೆ ಮಾಡ್ತಾರೆ. ಮಲೆನಾಡಿನವನಿಗೆ ಅದು ತಮಾಷೆ ಅಲ್ಲ. ಕಾಡನ್ನು ಎಲ್ಲಿ ಎಷ್ಟು ಒಡೆಯಬಹುದು ಅನ್ನೋದು ಅವನ ಮನೆಯವರ ಜ್ವರದ ಪ್ರಶ್ನೆ. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನು ನಮ್ಮ ದೇಶದವರೂ ಹೊರದೇಶದವರೂ ಸೇರಿ ಮಾಡಿದರು. ಕಾಡು, ತೋಟ ಒಂದರೊಳಗೊಂದು ಹೆಣೆದುಕೊಂಡ, ನಾಟಿ ದನ ಹೆಚ್ಚಿರುವ ಕಡೆ ಅಪಾಯ ಹೆಚ್ಚು ಅಂತ ಅದು ತೋರಿಸಿತು. ಅಂದರೆ ಯಾವ ಊರಿಗೆ ಮೊದಲು ಎಣ್ಣೆ, ಲಸಿಕೆ, ವೈದ್ಯರು ಹೋಗಬೇಕು ಅಂತ ನಕ್ಷೆ ನೋಡಿ ಮುಂಚೆಯೇ ಹೇಳಬಹುದು.

ಇಲ್ಲಿ ಒಂದು ಎಚ್ಚರಿಕೆ. ಈ ಅಧ್ಯಯನಗಳನ್ನು ಅರೆಬರೆ ಓದಿದ ಯಾರೋ ಒಬ್ಬರು ನಾಳೆ ಬಂದು, ದನ ಬಿಡಬೇಡಿ, ಬೆಟ್ಟಕ್ಕೆ ಹೋಗಬೇಡಿ, ಸೊಪ್ಪು ತರಬೇಡಿ ಅಂತ ನಮಗೆ ಬುದ್ಧಿ ಹೇಳಬಹುದು. ಅವರಿಗೆ ನಾವು ಕೇಳಬೇಕು: ಸೊಪ್ಪಿಲ್ಲದೆ ಕೊಟ್ಟಿಗೆ ಗೊಬ್ಬರ ಎಲ್ಲಿಂದ? ಗೊಬ್ಬರವಿಲ್ಲದೆ ಅಡಿಕೆ ತೋಟ ಎಲ್ಲಿಂದ? ಮೇವು ಕೊಂಡು ದನ ಸಾಕಿದರೆ ಹಾಲಿನ ಈಗಿನ ಬೆಲೆಯಲ್ಲಿ ಅದು ಗಿಟ್ಟುತ್ತಾ? ಬಡವನಿಗೆ ಬೆಟ್ಟಕ್ಕೆ ಹೋಗೋದು ಹವ್ಯಾಸ ಅಲ್ಲ. ಹೋಗಬೇಡ ಅನ್ನೋಕೆ ಸಂಶೋಧನೆ ಬೇಕಿಲ್ಲ, ಬಾಯಿದ್ದರೆ ಸಾಕು. ಹೋಗಿಯೂ ಬದುಕಿ ಬರೋದು ಹೇಗೆ ಅಂತ ಹೇಳೋಕೆ ಸಂಶೋಧನೆ ಬೇಕು.

ಹಾಗೆ ಬದುಕಿ ಬರೋಕೆ ಇದ್ದ ದೊಡ್ಡ ಆಸರೆ ಲಸಿಕೆ. ಈಗ ಆ ಕಥೆ ಕೇಳಿ.

ಮೊದಲು ರಷ್ಯಾದ ಆ ದಾಯಾದಿ ಕಾಯಿಲೆಗೆ ಮಾಡಿದ್ದ ಲಸಿಕೆಯನ್ನೇ ತಂದು ಚುಚ್ಚಿ ನೋಡಿದರು. ಕೆಲಸ ಮಾಡಲಿಲ್ಲ. ಪುಣೆಯವರು ನಮ್ಮ ಕಾಯಿಲೆಯ ವೈರಸ್ಸಿನಿಂದಲೇ ಲಸಿಕೆ ಮಾಡಲು ಹೊರಟರು. ಕೋಳಿಮೊಟ್ಟೆಯೊಳಗಿನ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಹಾಕಿ ಅದನ್ನು ಕೊಂದು ಮಾಡುವ ಲಸಿಕೆ. ವರ್ಷಗಟ್ಟಲೆ ಕೆಲಸ ಹಿಡಿಯಿತು. 1990ರಿಂದ 1992ರವರೆಗೆ ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಅದನ್ನು ಹಾಕಿ ಪರೀಕ್ಷಿಸಿದರು. 1994ರಲ್ಲಿ ಫಲಿತಾಂಶ ಪ್ರಕಟವಾಯಿತು: ಒಂದು ಡೋಸು ತಗೊಂಡವರಲ್ಲಿ ನೂರಕ್ಕೆ 79ರಷ್ಟು ರಕ್ಷಣೆ, ಎರಡು ಡೋಸು ತಗೊಂಡವರಲ್ಲಿ ನೂರಕ್ಕೆ 93ರಷ್ಟು. ಸಣ್ಣ ಸಾಧನೆಯೇ ಇದು? ನಮ್ಮ ದೇಶದಲ್ಲೇ, ನಮ್ಮ ಕಾಡಿನ ಕಾಯಿಲೆಗೆ, ನಮ್ಮವರೇ ಮಾಡಿದ ಲಸಿಕೆ.

ಆಮೇಲೆ ಏನಾಯ್ತು? ಸಂಶೋಧನೆ ಮುಗೀತು, ಇನ್ನು ಚುಚ್ಚೋದೊಂದೇ ಕೆಲಸ ಅಂದುಕೊಂಡರು. ಆದರೆ 2005ರಿಂದ 2010ರವರೆಗಿನ ಲೆಕ್ಕ ತೆಗೆದು 2013ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳಿತು. ಎರಡು ಡೋಸಿನಿಂದ ಸಿಗುವ ರಕ್ಷಣೆ ನೂರಕ್ಕೆ 62ಕ್ಕೆ ಇಳಿದಿತ್ತು. ಮೂರನೆಯದಾಗಿ ಬೂಸ್ಟರ್ ತಗೊಂಡರೂ 83ರ ಆಸುಪಾಸು. ಒಂದೇ ಡೋಸು ತಗೊಂಡು ಬಿಟ್ಟವರಿಗೆ ಹೇಳಿಕೊಳ್ಳುವಂಥ ಪ್ರಯೋಜನವೇ ಇರಲಿಲ್ಲ. ಚುಚ್ಚಿದ ಜಾಗದ ನೋವು ಬೇರೆ. ಒಂದು ತಿಂಗಳ ಅಂತರದಲ್ಲಿ ಎರಡು, ಆರೇಳು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷ ವರ್ಷವೂ ಮತ್ತೆ. ಕೂಲಿ ಬಿಟ್ಟು ಯಾರು ಬರ್ತಾರೆ? ಬರಲಿಲ್ಲ. ಬರಲಿಲ್ಲ ಅಂತ ಜನರನ್ನೇ ಬೈದರು.

2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಕಾಯಿಲೆ ಎದ್ದು 2019ರಲ್ಲಿ ಸಾಲು ಸಾವುಗಳಾದವು. ಆಗ ಎಲ್ಲರಿಗೂ ಎಚ್ಚರವಾಯ್ತು. ಮಂತ್ರಿಗಳು ಬಂದರು, ಕ್ಯಾಮೆರಾ ಬಂತು, ಭರವಸೆ ಬಂತು. 2022ರಲ್ಲಿ ಆ ಹಳೆ ಲಸಿಕೆ ಹಾಕೋದೇ ನಿಂತುಹೋಯಿತು. ಅದು ಸಾಕಷ್ಟು ಪರಿಣಾಮ ಮಾಡ್ತಿಲ್ಲ ಅನ್ನೋದು ಸರಿಯಾದ ಕಾರಣವೇ. ಪರಿಣಾಮವಿಲ್ಲದ ಲಸಿಕೆಯನ್ನು ಚುಚ್ಚಿ ಎಂದು ನಾನೂ ಹೇಳೋದಿಲ್ಲ. ನನ್ನ ಪ್ರಶ್ನೆ ಬೇರೆ. ಹಳೆಯದು ಸೋಲುತ್ತಿದೆ ಅಂತ 2013ರಲ್ಲೇ ಅಚ್ಚಾಗಿ ಬಂದಿತ್ತು. ಹೊಸದು ಕೈಗೆ ಬರುವ ಮುಂಚೆ ಹಳೆಯದು ನಿಲ್ಲುವ ಸ್ಥಿತಿ ಯಾಕೆ ಬಂತು? ಹೊಳೆಯ ಹಳೆ ಸಂಕ ಮುರಿಯುತ್ತೆ ಅಂತ ಗೊತ್ತಾದ ಮೇಲೆ ಒಂಬತ್ತು ವರ್ಷ ಕೂತು ನೋಡಿ, ಮುರಿದ ದಿನ ಹೊಸ ಸಂಕಕ್ಕೆ ಮರ ಹುಡುಕಲು ಹೋಗುವ ರೈತ ಇದ್ದಾನೆಯೇ? 2024ರ ಆರಂಭದಲ್ಲೂ ನಮ್ಮ ಜಿಲ್ಲೆಗಳಲ್ಲಿ ಸಾವಾಯಿತು. ಕೈಯಲ್ಲಿ ಲಸಿಕೆ ಇರಲಿಲ್ಲ. ವೈರಸ್ಸನ್ನೇ ಕೊಲ್ಲುವ ಔಷಧಿಯೂ ಈ ಕಾಯಿಲೆಗೆ ಇಲ್ಲ. ಬೇಗ ಆಸ್ಪತ್ರೆಗೆ ಸೇರಿಸಿ, ದೇಹಕ್ಕೆ ನೀರಿನಂಶ ಕೊಟ್ಟು, ರಕ್ತಸ್ರಾವ ನೋಡಿಕೊಂಡು ಉಳಿಸಬೇಕು ಅಷ್ಟೆ. ಹಾಗೆ ನೋಡಿಕೊಂಡರೂ ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಉಳಿಯೋದಿಲ್ಲ.

ಈಗ ಇನ್ನೊಂದು ಲಸಿಕೆಯ ಕಥೆ ನೆನಪು ಮಾಡಿಕೊಳ್ಳಿ. 2020ರ ಮಾರ್ಚಿನಲ್ಲಿ ಕೊರೋನಾ ವೈರಸ್ಸನ್ನು ನಮ್ಮ ದೇಶದಲ್ಲಿ ಬೇರ್ಪಡಿಸಿ ಹಿಡಿದದ್ದು ಯಾರು? ಇದೇ ಪುಣೆಯ ಸಂಸ್ಥೆ. ಅಲ್ಲಿಂದ ಪಡೆದ ವೈರಸ್ಸಿನಿಂದ ಹೈದರಾಬಾದಿನಲ್ಲಿ ಕೋವ್ಯಾಕ್ಸಿನ್ ತಯಾರಾಗಿ 2021ರ ಜನವರಿಯಲ್ಲಿ ಅನುಮತಿ ಸಿಕ್ಕಿತು. ಹತ್ತು ತಿಂಗಳು. ಅದೂ ಕೊಂದ ವೈರಸ್ಸಿನ ಲಸಿಕೆಯೇ. ಕೊರೋನಾ ಇಡೀ ಲೋಕವನ್ನು ಹಿಡಿದಿತ್ತು, ಅವಸರ ಮಾಡಿದ್ದು ಸರಿ, ಆ ವಿಜ್ಞಾನಿಗಳಿಗೆ ಕೈ ಮುಗಿಯೋಣ. 2018ರಲ್ಲಿ ಕೇರಳದಲ್ಲಿ ನಿಪಾ ಬಂದಾಗ ಪರೀಕ್ಷೆ ಮಾಡಿ ಖಚಿತ ಪಡಿಸಿದ್ದೂ ಅದೇ ಸಂಸ್ಥೆ. ಆ ಸಂಸ್ಥೆ ಶುರುವಾದ ಐದೇ ವರ್ಷಕ್ಕೆ ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು ನಮ್ಮ ಕ್ಯಾಸನೂರು. ಮಲೆನಾಡಿನ ಕೂಲಿಯವರು, ರೈತರು ಕೊಟ್ಟ ರಕ್ತದ ಮೇಲೆ ಕಲಿತ ವಿದ್ಯೆ ಆಮೇಲೆ ದೇಶಕ್ಕೆಲ್ಲ ಆಯಿತು. ಅದು ನಮಗೆ ಹೆಮ್ಮೆ. ಆದರೆ ಕಾಯಿಲೆ ಪೇಟೆಗೆ ಬಂದಾಗ ಹತ್ತು ತಿಂಗಳಿಗೆ ಆಗುವ ಕೆಲಸ, ಕಾಯಿಲೆ ಬೆಟ್ಟದಲ್ಲೇ ಉಳಿದಾಗ ಅರುವತ್ತು ಎಪ್ಪತ್ತು ವರ್ಷಕ್ಕೂ ಮುಗಿಯೋದಿಲ್ಲ ಯಾಕೆ? ವಿದ್ಯೆ ಇಲ್ಲದ್ದಕ್ಕಲ್ಲ. ಕೇಳುವ ಬಾಯಿ ಇಲ್ಲದ್ದಕ್ಕೆ.

ಹೊಸ ಲಸಿಕೆಯ ಕೆಲಸ ಈಗ ಹಿಡಿದಿದ್ದಾರೆ. ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ಸೇರಿ ಇದನ್ನು ಮಾಡುತ್ತಿರೋದು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್. ಅದು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಗೆ ಸೇರಿದ ಸಂಸ್ಥೆ. ಗಮನಿಸಿ, ಹಾಲು ಉತ್ಪಾದಕರಿಗಾಗಿ ಕಟ್ಟಿದ ಮಂಡಳಿಯ ಸಂಸ್ಥೆ. ದನದ ಲಸಿಕೆ ಮಾಡುತ್ತಾ ಬಂದ ಕೈಗಳು ದನ ಕಾಯುವವನ ಲಸಿಕೆಗೂ ಬಂದಿವೆ. ಒಳ್ಳೆಯದು. ಆದರೆ ಈ ಸಲವೂ ಅರ್ಧ ದಾರಿಯಲ್ಲಿ ನಿಲ್ಲದ ಹಾಗೆ ನೋಡಿಕೊಳ್ಳೋದು ನಮ್ಮ ಕೆಲಸ.

ಸಾಲದ ಲೆಕ್ಕ ಎಲ್ಲಿ ಅಂತೀರಾ? ಇಲ್ಲಿದೆ. ಒಂದು ಮನೆ ಅಂತ ಇಟ್ಟುಕೊಳ್ಳಿ. ಒಂದೆಕರೆ ಅಡಿಕೆ, ಸ್ವಲ್ಪ ಗದ್ದೆ, ಎರಡು ದನ, ಗಂಡ ಹೆಂಡತಿ ಇಬ್ಬರೂ ಕೂಲಿಗೂ ಹೋಗೋರು. ಫೆಬ್ರವರಿಯಲ್ಲಿ ಆಕೆಗೆ ಜ್ವರ. ಮೊದಲ ಎರಡು ದಿನ ಮಾಮೂಲಿ ಜ್ವರ ಅಂತ ಮಾತ್ರೆ. ಆಮೇಲೆ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ದೊಡ್ಡ ಆಸ್ಪತ್ರೆ, ಬಾಡಿಗೆ ವ್ಯಾನು. ಜ್ವರ ಒಂದೆರಡು ವಾರ. ಕೆಲವರಿಗೆ ಇಳಿದ ಜ್ವರ ಮತ್ತೆ ಏರಿ ತಲೆನೋವು, ನಡುಕ ಬರುತ್ತೆ. ಬದುಕಿ ಬಂದರೂ ಕೈಕಾಲಿಗೆ ಬಲ ಬರೋಕೆ ವಾರಗಟ್ಟಲೆ ಬೇಕು. ಆಕೆಯ ಕೂಲಿ ಹೋಯ್ತು, ನೋಡಿಕೊಳ್ಳೋಕೆ ನಿಂತ ಗಂಡನ ಕೂಲಿಯೂ ಹೋಯ್ತು. ತೋಟಕ್ಕೆ ಸೊಪ್ಪು ಹಾಕುವ ಹೊತ್ತಿಗೆ ಸರಿಯಾಗಿ ಆಳಿಲ್ಲ. ಆಸ್ಪತ್ರೆ ಬಿಲ್ಲನ್ನು ಸರ್ಕಾರವೇ ಕಟ್ಟಿದರೂ ವ್ಯಾನಿನ ಬಾಡಿಗೆ, ಊಟ, ಔಷಧಿ, ಹೋದ ಕೂಲಿ ಇವನ್ನು ಯಾರು ಕಟ್ತಾರೆ? ಮಂಡಿಯವನ ಹತ್ತಿರ ಮುಂಗಡ. ಮುಂಗಡ ತಗೊಂಡವನು ಬರುವ ವರ್ಷ ಅದೇ ಮಂಡಿಗೆ, ಅವನು ಹೇಳಿದ ಧಾರಣೆಗೇ ಅಡಿಕೆ ಹಾಕಬೇಕು. ಈಗ ಹೇಳಿ, ಲಸಿಕೆ ಇಲ್ಲದ್ದಕ್ಕೂ ಅಡಿಕೆಗೆ ಬೆಲೆ ಸಿಗದ್ದಕ್ಕೂ ಸಂಬಂಧ ಇದೆಯೋ ಇಲ್ಲವೋ? ನಾವು ಬೆಲೆಗಾಗಿ ರಸ್ತೆಯಲ್ಲಿ ಕೂತು ಪಡೆದ ನೂರು ರೂಪಾಯಿಯನ್ನು ಒಂದು ಉಣುಗು ಒಂದೇ ಬೆಳಗಿಗೆ ಕಿತ್ತುಕೊಂಡು ಹೋಗುತ್ತೆ.

ಕೆಲವರು ಹೇಳ್ತಾರೆ: ವಿಜ್ಞಾನ ಅಂದರೆ ಕಂಪನಿಗಳ ಕೈಯ ಆಯುಧ, ಬೀಜ ಕೊಟ್ಟು ಸಾಲ ಹೊರಿಸಿದರು, ವಿಷ ಕೊಟ್ಟು ಮಣ್ಣು ಕೆಡಿಸಿದರು, ನಮಗೆ ಅದು ಬೇಡ. ಅವರ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೆ ಕತ್ತಿ ಕಳ್ಳನ ಕೈಗೆ ಸಿಕ್ಕಿತು ಅಂತ ನಾವು ಕತ್ತಿ ಹಿಡಿಯೋದೇ ಬಿಡ್ತೀವಾ? ಯಾರ ದುಡ್ಡಿನಲ್ಲಿ ಸಂಶೋಧನೆ ನಡೀತು, ಅದರ ಫಲ ಯಾರ ಕೈಯಲ್ಲಿದೆ, ಅದಕ್ಕೆ ನಾವು ಎಷ್ಟು ತೆರಬೇಕು, ಈ ಮೂರು ಪ್ರಶ್ನೆ ಕೇಳಬೇಕು. ಮಂಗನ ಕಾಯಿಲೆಯ ರೋಗಿಗಳು ಲಾಭ ತರುವ ಗಿರಾಕಿಗಳಲ್ಲ. ಅವರು ಬಡವರು, ವರ್ಷಕ್ಕೆ ಕೆಲವು ನೂರು ಜನ. ಲಾಭ ನೋಡುವ ಕಂಪನಿ ಈ ಲಸಿಕೆಗೆ ತಾನಾಗಿ ಕೈ ಹಾಕೋದಿಲ್ಲ. ಅದಕ್ಕೇ ಸರ್ಕಾರದ ಸಂಶೋಧನೆ ಬೇಕು ಅನ್ನೋದು.

ಕೆಲವೇ ನೂರು ಜನರ ಕಾಯಿಲೆಗೆ ಇಷ್ಟು ಖರ್ಚೇ ಅಂತ ಕೇಳುವ ಅಧಿಕಾರಿಗಳಿಗೂ ಉತ್ತರ ಇದೆ. ಹಲವು ದಶಕ ಕಾಯಿಲೆ ನಮ್ಮ ನಾಲ್ಕೈದು ಜಿಲ್ಲೆಗಳಲ್ಲೇ ಇದೆ ಅಂದುಕೊಂಡಿದ್ದರು. 2012ರ ಕೊನೆಗೆ ಬಂಡೀಪುರದಲ್ಲಿ ಕಾಣಿಸಿತು. ಆಮೇಲೆ ಕೇರಳದ ವಯನಾಡು, 2015ರಲ್ಲಿ ಗೋವಾ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಪಶ್ಚಿಮ ಘಟ್ಟದ ಉದ್ದಕ್ಕೂ ಅದು ನಡೆದಿದೆ. ಅಷ್ಟೇ ಅಲ್ಲ, 1995ರಲ್ಲಿ ಸೌದಿ ಅರೇಬಿಯಾದಲ್ಲಿ ರೋಗಿಗಳಿಂದ ಒಂದು ವೈರಸ್ ಸಿಕ್ಕಿತು. ಅದಕ್ಕೆ ಅಲ್ಖುರ್ಮಾ ಅಂತ ಹೆಸರು. ನೋಡಿದರೆ ಅದು ನಮ್ಮ ಕ್ಯಾಸನೂರು ವೈರಸ್ಸಿನ ತಮ್ಮ, ಅಷ್ಟು ಹತ್ತಿರದ ನಂಟು. ಸೊರಬದ ಕಾಡಿನಲ್ಲಿ ಕಲಿತದ್ದು ಅರಬ್ ದೇಶದ ಕುರಿ, ಒಂಟೆ ಸಾಕುವವನಿಗೂ ಬೇಕಾಯಿತು. ಕಾಯಿಲೆಗೆ ಗಡಿ ಇಲ್ಲ ಅಂದ ಮೇಲೆ ಅದರ ವಿದ್ಯೆಗೂ ಗಡಿ ಇರಬಾರದು.

ಆದರೆ ಆ ವಿದ್ಯೆಗೆ ನಮ್ಮ ಊರಿನಲ್ಲೇ ಒಂದು ಗಡಿ ಇದೆ. ಅದು ಭಾಷೆಯ ಗಡಿ. ಮೇಲೆ ನಾನು ಹೇಳಿದ ಅಧ್ಯಯನಗಳೆಲ್ಲ ಇಂಗ್ಲಿಷಿನಲ್ಲಿವೆ. ಯಾವ ಹಳ್ಳಿಯವರ ರಕ್ತ ತೆಗೆದು ಬರೆದರೋ ಆ ಹಳ್ಳಿಗೆ ಅದರ ಒಂದು ಪುಟ ಕನ್ನಡದಲ್ಲಿ ಬರೋದಿಲ್ಲ. ನಮ್ಮ ಶಾಲೆಯ ಮಕ್ಕಳು ಚಿಟ್ಟೆಯ ಜೀವನಚಕ್ರ ಬಾಯಿಪಾಠ ಒಪ್ಪಿಸ್ತಾರೆ, ತಮ್ಮ ಕೊಟ್ಟಿಗೆಯ ಉಣುಗಿನ ಜೀವನಚಕ್ರ ಅವರಿಗೆ ಯಾರು ಹೇಳಿಕೊಟ್ಟಿದ್ದಾರೆ? ಮಲೆನಾಡಿನ ಪ್ರತಿ ಶಾಲೆಯಲ್ಲಿ ನವೆಂಬರಿನಲ್ಲಿ ಎರಡು ದಿನ ಈ ಪಾಠ ಮಾಡಲಿ. ಸತ್ತ ಮಂಗ ಕಂಡರೆ ಏನು ಮಾಡಬೇಕು, ಎಣ್ಣೆ ಹೇಗೆ ಹಚ್ಚಬೇಕು, ಯಾವ ಜ್ವರಕ್ಕೆ ಎಷ್ಟು ಬೇಗ ಆಸ್ಪತ್ರೆಗೆ ಹೋಗಬೇಕು ಅಂತ ಮಗು ಮನೆಗೆ ಬಂದು ಅಪ್ಪ ಅಮ್ಮನಿಗೆ ಹೇಳಲಿ. ಮಂಗ ಸತ್ತರೆ ಜ್ವರ ಬರುತ್ತೆ ಅಂತ 1957ರಲ್ಲಿ ಮೊದಲು ಗುರುತಿಸಿದವರು ನಮ್ಮ ಹಳ್ಳಿಯವರೇ ತಾನೆ? ನೋಡುವ ಕಣ್ಣು ನಮ್ಮಲ್ಲಿದೆ. ಆ ಕಣ್ಣಿಗೆ ಶಾಸ್ತ್ರದ ಬೆಳಕು ಸಿಕ್ಕರೆ ಮಗುವೂ ಅರ್ಧ ಸಂಶೋಧಕನೇ.

ಹಾಗಾದರೆ ನಾವು ಕೇಳಬೇಕಾದ್ದೇನು? ಒಂದು, ಹೊಸ ಲಸಿಕೆ ಯಾವ ಹಂತದಲ್ಲಿದೆ ಅಂತ ಸರ್ಕಾರ ಪ್ರತಿವರ್ಷ ಕಾಯಿಲೆಯ ಕಾಲಕ್ಕೆ ಮುಂಚೆ ಕನ್ನಡದಲ್ಲಿ ಜನರ ಮುಂದೆ ಹೇಳಬೇಕು. ಬಂದ ಮೇಲೆ ಅದು ಪುಕ್ಕಟೆಯಾಗಿ ಸಿಗಬೇಕು. ಅದರ ಬಲ ಕುಗ್ಗುತ್ತಿದೆಯೋ ಇಲ್ಲವೋ ಅಂತ ಪರೀಕ್ಷೆ ನಿಲ್ಲದೆ ನಡೀಬೇಕು. ಎರಡು, ಕಾಯಿಲೆ ಬಂದವರ ಪೂರ್ತಿ ಖರ್ಚಿನ ಜೊತೆಗೆ ಹೋದ ಕೂಲಿಗೂ ಪರಿಹಾರ ಕೊಡಬೇಕು. ಸತ್ತವರ ಮನೆಯ ಸಾಲ ಮನ್ನಾ ಆಗಬೇಕು. ಮೂರು, ಉಣುಗು, ಮಂಗ, ಕಾಡು ಇವನ್ನು ವರ್ಷವಿಡೀ ನೋಡುವ ವಿಜ್ಞಾನಿಗಳು ನಮ್ಮ ಜಿಲ್ಲೆಯಲ್ಲೇ ಇರಬೇಕು, ಸಾವಾದಾಗ ಮಾತ್ರ ಜೀಪಿನಲ್ಲಿ ಬರೋದಲ್ಲ. ಆರೋಗ್ಯ, ಪಶುಪಾಲನೆ, ಅರಣ್ಯ ಈ ಮೂರು ಇಲಾಖೆ ಒಂದೇ ಮೇಜಿನ ಸುತ್ತ ಕೂರಬೇಕು, ಯಾಕಂದರೆ ಉಣುಗಿಗೆ ಇಲಾಖೆಗಳ ಗಡಿ ಗೊತ್ತಿಲ್ಲ. ನಾಲ್ಕು, ಕಾಡು ಕಡಿಯುವ ಯಾವುದೇ ಯೋಜನೆಗೆ ಮುಂಚೆ ಇದರಿಂದ ಯಾರಿಗೆ ಜ್ವರ ಬರುತ್ತೆ ಅನ್ನೋ ಪ್ರಶ್ನೆಗೆ ಬರಹದಲ್ಲಿ ಉತ್ತರ ಬೇಕು. ಐದು, ನಮ್ಮ ಊರಿನಲ್ಲಿ ಮಾಡಿದ ಅಧ್ಯಯನದ ಸಾರ ನಮ್ಮ ಭಾಷೆಯಲ್ಲಿ ನಮ್ಮ ಪಂಚಾಯಿತಿಗೆ ಬರಬೇಕು.

ಇದರಲ್ಲಿ ಒಂದೂ ಭಿಕ್ಷೆ ಅಲ್ಲ. ನಾವು ಬೆಂಕಿಪೊಟ್ಟಣದಿಂದ ಡೀಸೆಲ್‌ವರೆಗೆ ಕೊಳ್ಳುವ ಎಲ್ಲದಕ್ಕೂ ತೆರಿಗೆ ಕಟ್ಟುತ್ತೇವೆ. ಪ್ರಯೋಗಾಲಯದ ಗೋಡೆಯಲ್ಲಿ ನಮ್ಮ ಇಟ್ಟಿಗೆಯೂ ಇದೆ. ಬೆಂಬಲ ಬೆಲೆ ಕೇಳುವಾಗ ನಮ್ಮ ದನಿ ಗಟ್ಟಿಯಾಗಿರುತ್ತೆ, ಲಸಿಕೆ ಕೇಳುವಾಗ ಯಾಕೆ ಮೆತ್ತಗಾಗಬೇಕು?

ದೊಡ್ಡ ಮಾತು ಬೇಡ, ಒಂದು ಕೆಲಸ ಹೇಳಿ ಮುಗಿಸ್ತೀನಿ. ಮುಂದಿನ ಗ್ರಾಮಸಭೆಗೆ ಹೋದಾಗ ರಸ್ತೆ, ಚರಂಡಿ, ಮನೆಯ ಅರ್ಜಿಗಳ ಜೊತೆಗೆ ಒಂದು ಪ್ರಶ್ನೆಯನ್ನು ಬರೆದುಕೊಂಡು ಹೋಗಿ. ಕೈ ಎತ್ತಿ ನಿಂತು ಕೇಳಿ: ಸ್ವಾಮಿ, ಮಂಗನ ಕಾಯಿಲೆಯ ಹೊಸ ಲಸಿಕೆ ಎಲ್ಲಿಗೆ ಬಂತು? ಉತ್ತರ ಗೊತ್ತಿಲ್ಲ ಅಂದರೆ ನಡಾವಳಿ ಪುಸ್ತಕದಲ್ಲಿ ನಿಮ್ಮ ಪ್ರಶ್ನೆ ಬರೆಸಿ, ಕೆಳಗೆ ಹತ್ತು ಜನ ಸಹಿ ಹಾಕಿ, ಮೇಲಿನವರಿಗೆ ಕಳಿಸಿ ಅನ್ನಿ. ನೂರು ಪಂಚಾಯಿತಿಯಲ್ಲಿ ನೂರು ಜನ ಹೀಗೆ ಕೇಳಿದರೆ ಪುಣೆಯವರೆಗೂ, ಹೈದರಾಬಾದಿನವರೆಗೂ, ದಿಲ್ಲಿಯವರೆಗೂ ಅದು ಕೇಳಿಸುತ್ತೆ. ಬಾಕಿ ಕೇಳದವನಿಗೆ ಯಾವ ಸಾಲಗಾರನೂ ತಾನಾಗಿ ಬಂದು ಕೊಟ್ಟದ್ದಿಲ್ಲ.